ನೇಪಾಳಿ ಎಂಬ ಹೆಸರು

ನಮ್ಮ ನಾಡಿನ ಊರುಗಳಲ್ಲಿ ಇರುಳು ಹೊತ್ತು ಸೀಟಿ ಊದುತ್ತ, ಕೋಲನ್ನು ನೆಲಕ್ಕೆ ಕುಟ್ಟುತ್ತ ಬೀದಿ ಕಾಯುವವನನ್ನು ಜನರು ‘ಗೂರ್ಖಾ’ ಎಂದು ಕರೆಯುವುದು ವಾಡಿಕೆ. ಆತನ ಹೆಸರೇನು, ಊರಾವುದು, ಮನೆಯಲ್ಲಿ ಆತ ಆಡುವ ಮಾತು ಯಾವುದು ಎಂದು ವಿಚಾರಿಸಿದವರು ವಿರಳ. ಆತ ನೇಪಾಳ ದೇಶದ ಪ್ರಜೆಯಾಗಿರಬಹುದು. ಡಾರ್ಜಿಲಿಂಗಿನಲ್ಲಿಯೋ ಅಸ್ಸಾಮಿನಲ್ಲಿಯೋ ಹುಟ್ಟಿ ಬೆಳೆದ ಭಾರತೀಯನೂ ಆಗಿರಬಹುದು. ಎರಡನೆಯ ಪಕ್ಷದಲ್ಲಿ ಆತ ನಮ್ಮಷ್ಟೇ ಈ ದೇಶದವನು. ಆದರೂ ನಮ್ಮ ಬಾಯಲ್ಲಿ ಇಬ್ಬರಿಗೂ ಒಂದೇ ಹೆಸರು, ಇಬ್ಬರೂ ಪರದೇಶದವರು.

ಈ ಗೊಂದಲಕ್ಕೆ ಕಾರಣವಿಲ್ಲದಿಲ್ಲ. ‘ನೇಪಾಳಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ನೇಪಾಳ ರಾಷ್ಟ್ರದ ಪ್ರಜೆ ಎಂಬುದು ಒಂದು. ನೇಪಾಳಿ ಭಾಷೆಯನ್ನು ಆಡುವವನು ಎಂಬುದು ಇನ್ನೊಂದು. ಮೇಲುನೋಟಕ್ಕೆ ಇವೆರಡೂ ಒಂದೇ ಎಂದು ತೋರುತ್ತವೆ. ವಾಸ್ತವದಲ್ಲಿ ನೇಪಾಳದ ಪ್ರಜೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮಾತೃಭಾಷೆ ನೇಪಾಳಿಯಲ್ಲ. ಮನೆಯಲ್ಲಿ ನೇಪಾಳಿಯನ್ನೇ ಆಡುವ ಲಕ್ಷಾಂತರ ಜನರು ನೇಪಾಳದ ಪ್ರಜೆಗಳಲ್ಲ. ಈ ಎರಡು ಅರ್ಥಗಳು ಹೇಗೆ ಬೆಳೆದು ಬಂದವು, ಅವು ಒಂದರೊಳಗೊಂದು ಬೆರೆತುದರಿಂದ ಎಂಥವರು ಮನೆಮಠಗಳನ್ನು ಕಳೆದುಕೊಂಡರು ಎಂಬುದನ್ನು ತಿಳಿಯದೆ ಈ ಜನರ ಚರಿತ್ರೆಯನ್ನು ಅರಿಯುವುದು ಸಾಧ್ಯವಿಲ್ಲ.

ನೇಪಾಳವು ಪೂರ್ವದಿಂದ ಪಶ್ಚಿಮಕ್ಕೆ ಎಂಟುನೂರು ಕಿಲೋಮೀಟರಿಗೂ ಹೆಚ್ಚು ಉದ್ದವಾಗಿ ಚಾಚಿಕೊಂಡಿರುವ ದೇಶ. ಉತ್ತರದಲ್ಲಿ ಹಿಮಶಿಖರಗಳು, ನಡುವೆ ಬೆಟ್ಟಗುಡ್ಡಗಳು, ದಕ್ಷಿಣದಲ್ಲಿ ಗಂಗೆಯ ಬಯಲಿಗೆ ಸೇರಿದ ತರಾಯಿ ಎಂಬ ಸಮತಟ್ಟು ನೆಲ. ಎತ್ತರದ ಕಣಿವೆಗಳಲ್ಲಿ ಶೆರ್ಪಾಗಳು, ಪೂರ್ವದ ಬೆಟ್ಟಗಳಲ್ಲಿ ರಾಯಿ ಮತ್ತು ಲಿಂಬುಗಳು, ಪಶ್ಚಿಮದಲ್ಲಿ ಗುರುಂಗ್ ಮತ್ತು ಮಗರ್ ಜನರು, ಕಾಠ್ಮಂಡು ಕಣಿವೆಯಲ್ಲಿ ನೇವಾರರು, ಅದರ ಸುತ್ತಲಿನ ಗುಡ್ಡಗಳಲ್ಲಿ ತಮಾಂಗರು ವಾಸಿಸುತ್ತಾರೆ. ಬಾಹುನ್ ಎಂದು ಕರೆಯಲ್ಪಡುವ ಬ್ರಾಹ್ಮಣರು ಹಾಗೂ ಛೇತ್ರಿ ಎಂಬ ಕ್ಷತ್ರಿಯರು ಬೆಟ್ಟನಾಡಿನಲ್ಲೆಲ್ಲ ಹರಡಿದ್ದಾರೆ. ತರಾಯಿಯಲ್ಲಿ ಥಾರುಗಳೂ, ಮೈಥಿಲಿ, ಭೋಜಪುರಿ, ಅವಧಿ ಭಾಷೆಗಳನ್ನಾಡುವ ಜನರೂ ಇದ್ದಾರೆ. 2021ರ ಜನಗಣತಿಯಂತೆ ದೇಶದ ಜನಸಂಖ್ಯೆ ಸುಮಾರು 2 ಕೋಟಿ 91 ಲಕ್ಷ. ಅವರಲ್ಲಿ 142 ಜಾತಿ ಪಂಗಡಗಳನ್ನೂ 124 ಮಾತೃಭಾಷೆಗಳನ್ನೂ ಆ ಗಣತಿ ಗುರುತಿಸಿತು. ನೇಪಾಳಿಯನ್ನು ಮಾತೃಭಾಷೆಯೆಂದು ಬರೆಯಿಸಿದವರು ನೂರಕ್ಕೆ ನಲವತ್ತೈದರಷ್ಟು ಮಾತ್ರ. ಇಂಥ ವೈವಿಧ್ಯವುಳ್ಳ ನಾಡು ತಾನು ಬೇರೆ ಎಂಬುದನ್ನು ತೋರಿಸುವ ಗುರುತುಗಳನ್ನು ಬಲು ಆಸಕ್ತಿಯಿಂದ ಕಾಪಾಡಿಕೊಂಡು ಬಂದಿದೆ. ಅದರ ಧ್ವಜವು ಇತರ ರಾಷ್ಟ್ರಗಳ ಧ್ವಜಗಳಂತೆ ಆಯತಾಕಾರದ್ದಲ್ಲ, ಒಂದರ ಮೇಲೊಂದು ಇರಿಸಿದ ಎರಡು ತ್ರಿಕೋನಗಳಂತಿದೆ. ಸರಕಾರದ ವ್ಯವಹಾರವೆಲ್ಲ ವಿಕ್ರಮ ಸಂವತ್ಸರದ ಲೆಕ್ಕದಲ್ಲಿ ನಡೆಯುತ್ತದೆ. ಗಡಿಯಾರ ಕೂಡ ಭಾರತದ ಗಡಿಯಾರಕ್ಕಿಂತ ಕಾಲು ಗಂಟೆ ಮುಂದಿದೆ.

ಬಹುಕಾಲದವರೆಗೆ ‘ನೇಪಾಳ’ ಎಂಬುದು ಈ ಇಡೀ ದೇಶದ ಹೆಸರಾಗಿರಲಿಲ್ಲ. ಕಾಠ್ಮಂಡು, ಪಾಟಣ, ಭಕ್ತಪುರಗಳೆಂಬ ಮೂರು ನಗರಗಳಿರುವ ಕಣಿವೆಗೆ ಮಾತ್ರ ಆ ಹೆಸರು ಸಲ್ಲುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿಯೂ ದೂರದ ಬೆಟ್ಟಗಳ ಹಳ್ಳಿಗರು ಕಾಠ್ಮಂಡುವಿಗೆ ಹೊರಟಾಗ ‘ನೇಪಾಳಕ್ಕೆ ಹೋಗುತ್ತೇವೆ’ ಎನ್ನುತ್ತಿದ್ದರು. ಆ ಕಣಿವೆಯ ನೇವಾರರ ಪ್ರಾಚೀನ ಭಾಷೆಗೆ ‘ನೇಪಾಲ ಭಾಷಾ’ ಎಂದು ಹೆಸರು. ಇಂದು ನಾವು ನೇಪಾಳಿ ಎಂದು ಕರೆಯುವ ಭಾಷೆ ಅದಲ್ಲ. ಇದು ಪಶ್ಚಿಮದ ಬೆಟ್ಟಗಳ ಖಸ ಜನರ ಮಾತು. ಹಿಂದಿ, ಬಂಗಾಳಿಗಳಂತೆ ಆರ್ಯ ಭಾಷಾವರ್ಗಕ್ಕೆ ಸೇರಿದುದು. ಖಸಕುರಾ, ಪರ್ವತೀಯ, ಗೋರ್ಖಾಲಿ ಎಂದು ಅದಕ್ಕೆ ಹಲವು ಹೆಸರುಗಳಿದ್ದವು.

ಕನ್ನಡಿಗರಿಗೆ ಕುತೂಹಲದ ಸಂಗತಿಯೊಂದು ಇಲ್ಲಿ ಬರುತ್ತದೆ. ಈಗಿನ ನೇಪಾಳದ ತರಾಯಿಯಲ್ಲಿರುವ ಸಿಮ್ರೌನ್‌ಗಢದಲ್ಲಿ 1097ರಲ್ಲಿ ರಾಜ್ಯ ಸ್ಥಾಪಿಸಿದ ನಾನ್ಯದೇವನ ವಂಶಕ್ಕೆ ಕರ್ಣಾಟ ವಂಶವೆಂದು ಹೆಸರು. ಆತನ ಪೂರ್ವಿಕರು ನಮ್ಮ ಕಡೆಯಿಂದ ಹೋದವರೆಂದು ಆ ಹೆಸರೇ ಹೇಳುತ್ತದೆ. 1324ರಲ್ಲಿ ಘಿಯಾಸುದ್ದೀನ್ ತುಘಲಕನ ದಾಳಿಗೆ ಆ ರಾಜ್ಯ ಉರುಳಿದಾಗ ಅಲ್ಲಿಯ ರಾಜಪರಿವಾರ ಬೆಟ್ಟಗಳ ಕಡೆಗೆ ಸರಿಯಿತು. ಕಣಿವೆಯನ್ನಾಳಿದ ಮಲ್ಲ ಅರಸರು ಮುಂದೆ ತಮ್ಮನ್ನು ಈ ವಂಶದೊಡನೆ ಜೋಡಿಸಿ ಹೇಳಿಕೊಂಡರು. ಕನ್ನಡಿಗರು ನೇಪಾಳವನ್ನಾಳಿದರೆಂದು ಇದರಿಂದ ಬೀಗುವುದು ಅತಿರೇಕವಾದೀತು. ಆದರೆ ಹೊರಗಿನಿಂದ ಬಂದವರು ಅಲ್ಲಿಯವರೇ ಆಗಿಹೋಗುವುದು ಆ ನೆಲಕ್ಕೆ ಹೊಸತಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕಣಿವೆಯ ಪಶ್ಚಿಮಕ್ಕೆ ಗೋರ್ಖಾ ಎಂಬ ಸಣ್ಣ ರಾಜ್ಯವಿತ್ತು. 1743ರಲ್ಲಿ ಅದರ ಪಟ್ಟವೇರಿದ ಪೃಥ್ವೀನಾರಾಯಣ ಶಾಹನು ಸುತ್ತಲಿನ ರಾಜ್ಯಗಳನ್ನು ಒಂದೊಂದಾಗಿ ಗೆದ್ದು, 1768 ಮತ್ತು 1769ರಲ್ಲಿ ಕಣಿವೆಯ ಮೂರು ನಗರಗಳನ್ನೂ ವಶಪಡಿಸಿಕೊಂಡನು. ನೇಪಾಳದ ಏಕೀಕರಣದ ಕರ್ತೃವೆಂದು ಆತನನ್ನು ಕೊಂಡಾಡುವುದುಂಟು. ದೀರ್ಘಕಾಲ ಎದುರಿಸಿ ನಿಂತ ಕೀರ್ತಿಪುರವನ್ನು ಗೆದ್ದ ಮೇಲೆ ಆತನ ಸೇನೆಯು ಅಲ್ಲಿಯ ಜನರ ಮೂಗು ಕೊಯ್ದ ಕಥೆಯನ್ನು ಆ ಊರಿನವರು ಮರೆತಿಲ್ಲ. ಒಬ್ಬರಿಗೆ ಏಕೀಕರಣವಾದುದು ಇನ್ನೊಬ್ಬರಿಗೆ ಆಕ್ರಮಣವೆಂದು ತೋರಿದರೆ ಆಶ್ಚರ್ಯವೇನಿಲ್ಲ. ತನ್ನ ರಾಜ್ಯವು ಎಲ್ಲ ಜಾತಿಗಳೂ ಅರಳುವ ತೋಟವೆಂದು ಆತ ತನ್ನ ಕೊನೆಗಾಲದಲ್ಲಿ ಹೇಳಿದನೆಂದು ಪ್ರತೀತಿಯಿದೆ. ಆದರೆ ಮುಂದೆ ರಾಣಾ ಮನೆತನದ ಜಂಗ್ ಬಹದ್ದೂರನು 1854ರಲ್ಲಿ ಜಾರಿಗೆ ತಂದ ‘ಮುಲುಕಿ ಐನ್’ ಎಂಬ ಕಾನೂನು ಆ ತೋಟದ ಗಿಡಗಳನ್ನು ಮೇಲುಕೀಳೆಂದು ವಿಂಗಡಿಸಿತು. ಜನಿವಾರ ಧರಿಸುವವರು ಮೇಲೆ, ಮದ್ಯ ಸೇವಿಸುವ ಬುಡಕಟ್ಟುಗಳು ಅವರ ಕೆಳಗೆ, ಅಸ್ಪೃಶ್ಯರೆನಿಸಿದವರು ಎಲ್ಲಕ್ಕೂ ಕೆಳಗೆ. ಒಂದೇ ಅಪರಾಧಕ್ಕೆ ಜಾತಿಗೊಂದು ಶಿಕ್ಷೆಯಿತ್ತು. ದೇಶದ ಎಲ್ಲರೂ ಒಂದೇ ಕಾನೂನಿನಡಿ ಬಂದುದು ಆಗಲೇ. ಆದರೆ ಸಮಾನರಾಗಿ ಅಲ್ಲ.

ಹೀಗೆ ಕೆಳಗಿನ ಮೆಟ್ಟಲಿನಲ್ಲಿ ನಿಂತ ಬೆಟ್ಟಗಳ ಜನರಲ್ಲಿ ಅನೇಕರು ನಾಡು ಬಿಟ್ಟು ಹೊರಟರು. ತೆರಿಗೆಯ ಭಾರ, ಸಾಹುಕಾರನ ಸಾಲ, ಬಿಟ್ಟಿ ದುಡಿಮೆಗಳು ಅವರನ್ನು ಹೊರದೂಡಿದವು; ಸೈನ್ಯ ಮತ್ತು ಚಹದ ತೋಟಗಳು ಕೈಬೀಸಿ ಕರೆದವು. ಮೊದಲು ಸೈನ್ಯದ ವಿಚಾರವನ್ನು ನೋಡೋಣ.

1814ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೂ ಗೋರ್ಖಾ ರಾಜ್ಯಕ್ಕೂ ಯುದ್ಧವಾಯಿತು. ಡೆಹರಾಡೂನಿನ ಬಳಿಯ ಖಲಂಗಾ ಎಂಬ ಕೋಟೆಯಲ್ಲಿ ಬಲಭದ್ರ ಕುಂವರ್ ಎಂಬ ದಳಪತಿಯು ಹೆಂಗಸರು ಮಕ್ಕಳೂ ಸೇರಿದಂತೆ ಸುಮಾರು ಆರುನೂರು ಜನರೊಡನೆ ಕಂಪೆನಿಯ ದೊಡ್ಡ ಸೇನೆಯನ್ನು ತಡೆದು ನಿಲ್ಲಿಸಿದನು. ಕಂಪೆನಿಯ ಸೇನಾಪತಿ ಗಿಲೆಸ್ಪಿ ಕೋಟೆಯೆದುರಿನಲ್ಲಿಯೇ ಮಡಿದನು. ಕಡೆಗೆ ಇಂಗ್ಲಿಷರು ಕೋಟೆಗೆ ನೀರು ಹೋಗದಂತೆ ಮಾಡಿದರು. ನೀರಡಿಕೆಯಿಂದ ಬಳಲಿದ ಬಲಭದ್ರನು ಉಳಿದ ಸುಮಾರು ಎಪ್ಪತ್ತು ಮಂದಿಯೊಡನೆ ಕತ್ತಿ ಹಿರಿದು ಹೊರಬಂದು ತಪ್ಪಿಸಿಕೊಂಡನು. ಗೆದ್ದವರು ಅಲ್ಲಿ ಎರಡು ಸ್ಮಾರಕಗಳನ್ನು ನಿಲ್ಲಿಸಿದರು. ಒಂದು ತಮ್ಮ ಸೇನಾಪತಿಗೆ. ಇನ್ನೊಂದು ತಮ್ಮ ಶತ್ರುವಾದ ಬಲಭದ್ರನಿಗೆ ಮತ್ತು ಅವನ ಸೈನಿಕರಿಗೆ. ಶತ್ರುವಿನ ಪರಾಕ್ರಮವನ್ನು ಹೀಗೆ ಗೌರವಿಸಿದ ಕಂಪೆನಿಯು ಅದನ್ನು ಬಳಸಿಕೊಳ್ಳಲೂ ಮರೆಯಲಿಲ್ಲ. ಯುದ್ಧ ಮುಗಿಯುವ ಮೊದಲೇ, 1815ರಲ್ಲಿ, ಸೆರೆಸಿಕ್ಕವರನ್ನೂ ಪಕ್ಷ ಬಿಟ್ಟು ಬಂದವರನ್ನೂ ಸೇರಿಸಿ ಗೂರ್ಖಾ ಪಡೆಗಳನ್ನು ಕಟ್ಟಿತು.

ಬಲಭದ್ರನ ಮುಂದಿನ ಕಥೆಯೂ ತಿಳಿಯತಕ್ಕದ್ದೇ. ಆತ ಪಂಜಾಬಿಗೆ ಹೋಗಿ ಲಾಹೋರಿನ ಮಹಾರಾಜ ರಣಜಿತ್ ಸಿಂಗನ ಸೈನ್ಯವನ್ನು ಸೇರಿ, 1823ರಲ್ಲಿ ನೌಶೇರಾ ಯುದ್ಧದಲ್ಲಿ ಆಫ್ಘನರೊಡನೆ ಕಾದಾಡಿ ಮಡಿದನು. ಅವನಂತೆ ಲಾಹೋರಿಗೆ ಸಿಪಾಯಿಗಳಾಗಿ ಹೋದವರನ್ನು ನೇಪಾಳಿಯಲ್ಲಿ ‘ಲಾಹುರೆ’ ಎಂದು ಕರೆದರು. ರಣಜಿತ್ ಸಿಂಗನ ರಾಜ್ಯ ಅಳಿದುಹೋಯಿತು. ಲಾಹೋರು ಇಂದು ಪಾಕಿಸ್ತಾನದಲ್ಲಿದೆ. ‘ಲಾಹುರೆ’ ಎಂಬ ಮಾತು ಮಾತ್ರ ಉಳಿಯಿತು. ಬ್ರಿಟಿಷರ ಸೈನ್ಯ ಸೇರಿದವನೂ ಲಾಹುರೆ, ಭಾರತದ ಸೈನ್ಯ ಸೇರಿದವನೂ ಲಾಹುರೆ, ಈಗ ಮಲೇಷ್ಯಕ್ಕೋ ಅರಬ್ ದೇಶಕ್ಕೋ ಕೂಲಿಗೆ ಹೋದವನೂ ಲಾಹುರೆಯೇ. ಎರಡು ಶತಮಾನಗಳ ವಲಸೆಯ ಚರಿತ್ರೆ ಈ ಒಂದು ಪದದಲ್ಲಿ ಅಡಗಿದೆ.

ಒಂದನೆಯ ಮಹಾಯುದ್ಧದಲ್ಲಿ ಸುಮಾರು ಎರಡು ಲಕ್ಷ ನೇಪಾಳಿ ಯುವಕರು ಬ್ರಿಟಿಷರ ಪರವಾಗಿ ಹೋರಾಡಿದರು. ಎರಡನೆಯ ಮಹಾಯುದ್ಧದಲ್ಲಿ ಅವರ ಸಂಖ್ಯೆ ಇನ್ನೂ ಹೆಚ್ಚಿತು. ಹಳ್ಳಿಗೆ ಹಳ್ಳಿಯೇ ಯುವಕರಿಲ್ಲದೆ ಬರಿದಾದುದುಂಟು. 1947ರಲ್ಲಿ ಭಾರತ, ಬ್ರಿಟನ್, ನೇಪಾಳಗಳ ನಡುವೆ ಆದ ಒಪ್ಪಂದದಂತೆ ಹತ್ತು ಗೂರ್ಖಾ ರೆಜಿಮೆಂಟುಗಳಲ್ಲಿ ಆರು ಭಾರತಕ್ಕೂ ನಾಲ್ಕು ಬ್ರಿಟನ್ನಿಗೂ ಸೇರಿದವು. ಭಾರತವು ಬಳಿಕ ಇನ್ನೊಂದನ್ನು ಕಟ್ಟಿತು. ಆ ರೆಜಿಮೆಂಟುಗಳಲ್ಲಿ ನೇಪಾಳದ ಪ್ರಜೆಗಳೂ ಭಾರತದ ಗೋರ್ಖರೂ ಹೆಗಲೆಣೆಯಾಗಿ ಸೇವೆ ಸಲ್ಲಿಸಿದ್ದಾರೆ. 1962ರ ಯುದ್ಧದಲ್ಲಿ ಲಡಾಖಿನಲ್ಲಿ ತೋರಿದ ಶೌರ್ಯಕ್ಕಾಗಿ ಪರಮವೀರ ಚಕ್ರವನ್ನು ಪಡೆದ ಧನ್ ಸಿಂಗ್ ಥಾಪಾ ಈ ಪರಂಪರೆಗೆ ಸೇರಿದವರು. 2022ರಲ್ಲಿ ಭಾರತವು ಸೈನ್ಯದ ಭರ್ತಿಗೆ ಅಲ್ಪಾವಧಿಯ ಹೊಸ ಪದ್ಧತಿಯನ್ನು ತಂದಾಗ, ಹಳೆಯ ಒಪ್ಪಂದಕ್ಕೆ ಅದು ಹೊಂದುವುದಿಲ್ಲವೆಂದು ನೇಪಾಳವು ತನ್ನ ಯುವಕರ ಭರ್ತಿಯನ್ನು ತಡೆಹಿಡಿಯಿತು. ಬ್ರಿಟನ್ನಿನಲ್ಲಿ ನಿವೃತ್ತ ಗೂರ್ಖಾಗಳು ಆ ದೇಶದಲ್ಲಿ ನೆಲೆಸುವ ಹಕ್ಕಿಗಾಗಿ ದೀರ್ಘಕಾಲ ಹೋರಾಡಬೇಕಾಯಿತು. 2009ರಲ್ಲಿ ಮಾತ್ರ ಅದು ವಿಸ್ತಾರವಾಗಿ ದೊರೆಯಿತು. ಪ್ರಾಣವನ್ನು ಪಡೆದುಕೊಳ್ಳಲು ಹಿಂಜರಿಯದ ಸರಕಾರವು ಮನೆ ಕಟ್ಟಲು ಜಾಗ ಕೊಡುವಲ್ಲಿ ಹಿಂಜರಿದುದು ವಿಚಿತ್ರವೇ ಸರಿ.

ಇನ್ನು ಚಹದ ತೋಟಗಳ ಕಥೆ. 1816ರಲ್ಲಿ ಜಾರಿಗೆ ಬಂದ ಸುಗೌಲಿ ಒಪ್ಪಂದದಂತೆ ನೇಪಾಳವು ಪಶ್ಚಿಮದಲ್ಲಿ ಕುಮಾವೂಂ ಮತ್ತು ಗಢವಾಲಗಳನ್ನೂ, ಪೂರ್ವದಲ್ಲಿ ಸಿಕ್ಕಿಮಿನಿಂದ ಗೆದ್ದುಕೊಂಡಿದ್ದ ಪ್ರದೇಶವನ್ನೂ ಬಿಟ್ಟುಕೊಟ್ಟಿತು. ಆದುದರಿಂದ ಭಾರತದ ನೇಪಾಳಿ ಭಾಷಿಕರಲ್ಲಿ ಕೆಲವರು ಗಡಿಯನ್ನು ದಾಟಿ ಬಂದವರಲ್ಲ; ಗಡಿಯೇ ಅವರನ್ನು ದಾಟಿ ಹೋಯಿತು. ಆದರೆ ಬಹುಸಂಖ್ಯಾತರು ಬಂದುದು ಆಮೇಲೆ. 1835ರಲ್ಲಿ ಡಾರ್ಜಿಲಿಂಗನ್ನು ಸಿಕ್ಕಿಮಿನ ಅರಸನಿಂದ ಪಡೆದ ಇಂಗ್ಲಿಷರು ಮುಂದಿನ ಕೆಲವು ದಶಕಗಳಲ್ಲಿ ಅಲ್ಲಿಯ ಕಾಡು ಕಡಿದು ಚಹ ಬೆಳೆಸತೊಡಗಿದರು. ಪೂರ್ವ ನೇಪಾಳದ ಬೆಟ್ಟಗಳಿಂದ ರಾಯಿ, ಲಿಂಬು, ತಮಾಂಗ್, ಮಗರ್, ಗುರುಂಗ್, ಬಾಹುನ್, ಕಾಮಿ, ದಮಾಯಿ ಹೀಗೆ ನಾನಾ ಜಾತಿಗಳ ಜನರು ಅಲ್ಲಿಗೆ ಬಂದು ಸೇರಿದರು.

ಇಲ್ಲಿ ನಡೆದುದೊಂದು ಗಮನಾರ್ಹವಾದ ಬದಲಾವಣೆ. ಊರಿನಲ್ಲಿದ್ದಾಗ ರಾಯಿಯು ರಾಯಿ, ತಮಾಂಗನು ತಮಾಂಗ. ಅವರವರ ಭಾಷೆ ಅವರವರಿಗೆ. ತೋಟದ ಕೂಲಿಸಾಲಿನಲ್ಲಿ ಅಕ್ಕಪಕ್ಕದಲ್ಲಿ ನಿಂತು ಎಲೆ ಕೀಳುವಾಗ ಎಲ್ಲರಿಗೂ ಸಮಾನವಾದ ಮಾತೊಂದು ಬೇಕಾಯಿತು. ಆ ಮಾತು ನೇಪಾಳಿಯಾಯಿತು. ಮುಲುಕಿ ಐನಿನ ಶ್ರೇಣಿಗಳಿಗೆ ಅಲ್ಲಿ ಕಾನೂನಿನ ಬಲವಿರಲಿಲ್ಲ. ಬಾಹುನನಿಗೂ ಕಾಮಿಗೂ ದೊರೆಯುತ್ತಿದ್ದುದು ಕೂಲಿಯೇ. ಹೀಗೆ, ನೇಪಾಳದೊಳಗೆ ‘ನಾವೆಲ್ಲ ನೇಪಾಳಿಗರು’ ಎಂಬ ಭಾವನೆ ಬಲವಾಗಿ ಬೇರೂರುವ ಮೊದಲೇ ಅದು ನೇಪಾಳದ ಹೊರಗೆ ಮೊಳಕೆಯೊಡೆಯಿತು.

ಸಾಹಿತ್ಯದ ವಿಷಯದಲ್ಲಿಯೂ ಹೀಗೆಯೇ. ತನಹುಂ ಪ್ರದೇಶದ ಭಾನುಭಕ್ತ ಆಚಾರ್ಯನು (1814–1868) ರಾಮಾಯಣವನ್ನು ಜನರ ಮಾತಿನಲ್ಲಿ ಕಾವ್ಯವಾಗಿ ರಚಿಸಿದನು. ಹುಲ್ಲು ಮಾರಿ ಕೂಡಿಸಿದ ಕಾಸಿನಿಂದ ಬಾವಿ ತೋಡಿಸಿ ಜನರ ನೆನಪಿನಲ್ಲುಳಿಯಲು ಬಯಸಿದ ಬಡ ಹುಲ್ಲುಗಾರನೊಬ್ಬನನ್ನು ಕಂಡು, ಉಳ್ಳವನಾದ ತಾನು ಏನನ್ನೂ ಮಾಡಲಿಲ್ಲವಲ್ಲ ಎಂದು ನಾಚಿ ಆತ ಕಾವ್ಯರಚನೆಗೆ ತೊಡಗಿದನೆಂಬ ಕಥೆಯನ್ನು ನೇಪಾಳಿ ಮಕ್ಕಳೆಲ್ಲರೂ ಬಲ್ಲರು. ಆದರೆ ಕವಿಯ ಜೀವಿತಕಾಲದಲ್ಲಿ ಆ ಕಾವ್ಯ ಅಚ್ಚಾಗಲಿಲ್ಲ. ರಾಣಾ ಆಡಳಿತವು ವಿದ್ಯೆಯನ್ನೂ ಮುದ್ರಣವನ್ನೂ ಸಂಶಯದ ಕಣ್ಣಿನಿಂದ ನೋಡುತ್ತಿತ್ತು. ಮೋತಿರಾಮ ಭಟ್ಟನೆಂಬ ತರುಣನು ಹಸ್ತಪ್ರತಿಗಳನ್ನು ಅರಸಿ ತಂದು 1887ರಲ್ಲಿ ಅದನ್ನು ಸಮಗ್ರವಾಗಿ ಪ್ರಕಟಿಸಿದುದು ಕಾಶಿಯಲ್ಲಿ. ಹುಲ್ಲುಗಾರನ ಕಥೆಯನ್ನು ಹೇಳಿದವನೂ ಅವನೇ. ಭಾನುಭಕ್ತನನ್ನು ಒಂದು ಜನಾಂಗದ ಆದಿಕವಿಯೆಂದು ಎತ್ತಿಹಿಡಿದು, ಆತನ ಜಯಂತಿಯನ್ನು ಹಬ್ಬದಂತೆ ಆಚರಿಸುವ ಸಂಪ್ರದಾಯ ಬೆಳೆದುದು ಡಾರ್ಜಿಲಿಂಗಿನಲ್ಲಿ. 1924ರಲ್ಲಿ ಅಲ್ಲಿ ನೇಪಾಳಿ ಸಾಹಿತ್ಯ ಸಮ್ಮೇಳನವೆಂಬ ಸಂಸ್ಥೆ ಹುಟ್ಟಿತು. ಸೂರ್ಯವಿಕ್ರಮ ಜ್ಞವಾಲಿ, ಧರಣೀಧರ ಕೊಯಿರಾಲಾ, ಪಾರಸಮಣಿ ಪ್ರಧಾನ್ ಎಂಬ ಮೂವರು ಅದಕ್ಕಾಗಿ ದುಡಿದರು. ಅವರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಜನರು ‘ಸುಧಪಾ’ ಎಂದು ಪ್ರೀತಿಯಿಂದ ಕರೆದರು. ಕಾಠ್ಮಂಡುವಿನ ಸರಕಾರವು ತನ್ನ ಭಾಷೆಯನ್ನು ‘ಗೋರ್ಖಾಲಿ’ ಎನ್ನುವುದನ್ನು ಬಿಟ್ಟು ‘ನೇಪಾಳಿ’ ಎನ್ನತೊಡಗಿದುದು 1930ರ ಸುಮಾರಿಗೆ. ಹೊರಗಿನವರು ಅಷ್ಟರಲ್ಲಾಗಲೇ ಆ ಹೆಸರನ್ನು ಬಳಕೆಗೆ ತಂದಿದ್ದರು.

ವಲಸೆ ಹೋದವರ ನೋವು ನೇಪಾಳಿ ಸಾಹಿತ್ಯದ ಹೃದಯವೆಂದೇ ಹೇಳಬೇಕು. 1936ರಲ್ಲಿ ಪ್ರಕಟವಾದ ಲಕ್ಷ್ಮೀಪ್ರಸಾದ ದೇವಕೋಟಾ ಅವರ ‘ಮುನಾ ಮದನ’ ಜನಪದ ಮಟ್ಟಿನಲ್ಲಿ ರಚಿತವಾದ ಪುಟ್ಟ ಕಾವ್ಯ. ಮದನನು ಹಣ ಗಳಿಸಲು ಲಾಸಾ ನಗರಕ್ಕೆ ಹೊರಡುತ್ತಾನೆ. ಹೆಂಡತಿ ಮುನಾ ಬೇಡವೆಂದು ಅಂಗಲಾಚುತ್ತಾಳೆ. ಮರಳುವ ದಾರಿಯಲ್ಲಿ ಕಾಯಿಲೆ ಬಿದ್ದ ಮದನನನ್ನು ಜೊತೆಗಾರರು ಕಾಡಿನಲ್ಲಿಯೇ ಬಿಟ್ಟು ಹೋಗುತ್ತಾರೆ. ಜಾತಿಯ ಲೆಕ್ಕದಲ್ಲಿ ಕೀಳೆನಿಸಿದ ಟಿಬೆಟ್ ಮೂಲದ ಬಡವನೊಬ್ಬ ಅವನನ್ನು ಮನೆಗೆ ಹೊತ್ತೊಯ್ದು ಬದುಕಿಸುತ್ತಾನೆ. ಊರು ಸೇರುವ ಹೊತ್ತಿಗೆ ತಾಯಿಯೂ ಇಲ್ಲ, ಮುನಾಳೂ ಇಲ್ಲ. ಅಸ್ಸಾಮಿನ ಲೇಖಕ ಲೀಲ ಬಹದ್ದೂರ್ ಛೇತ್ರಿಯವರ ‘ಬಸಾಯಿಂ’ ಎಂಬ ಕಾದಂಬರಿಯು ಸಾಲಕ್ಕೆ ಸಿಕ್ಕಿ ಹೊಲಮನೆ ಕಳೆದುಕೊಂಡು ಊರು ಬಿಡುವ ಬೆಟ್ಟದ ರೈತನ ಸಂಸಾರವನ್ನು ಚಿತ್ರಿಸುತ್ತದೆ. ಭಾರತೀಯರೊಬ್ಬರು ಗುವಾಹಟಿಯಲ್ಲಿ ನೆಲೆಸಿ ಬರೆದ ಈ ಕೃತಿ ನೇಪಾಳದ ವಿದ್ಯಾರ್ಥಿಗಳಿಗೆ ಪಠ್ಯವಾಗಿದೆ.

1951ರಲ್ಲಿ ರಾಣಾ ಆಡಳಿತ ಕೊನೆಗೊಂಡಿತು. 1960ರಲ್ಲಿ ಮಹೇಂದ್ರ ರಾಜನು ಚುನಾಯಿತ ಸರಕಾರವನ್ನು ವಜಾ ಮಾಡಿ ಪಂಚಾಯತ್ ವ್ಯವಸ್ಥೆ ಎಂಬ ಅರಸೊತ್ತಿಗೆಯ ಆಡಳಿತವನ್ನು ತಂದನು. ಒಂದೇ ಭಾಷೆ, ಒಂದೇ ಉಡುಪು, ಒಬ್ಬನೇ ಅರಸ ಎಂಬುದು ಆ ಕಾಲದ ರಾಷ್ಟ್ರೀಯತೆಯ ಸಾರ. ಹೊರನಾಡಿನಲ್ಲಿ ಜನರನ್ನು ತಾನಾಗಿ ಕೂಡಿಸಿದ್ದ ನೇಪಾಳಿ ಭಾಷೆಯು ಒಳನಾಡಿನಲ್ಲಿ ಅಧಿಕಾರದ ಕೈಯಲ್ಲಿ ಅಳತೆಗೋಲಾಯಿತು. ನೇವಾರರಿಗೆ ಇಂಥ ಅನುಭವ ಹಿಂದೆಯೂ ಆಗಿತ್ತು: ಕವಿ ಚಿತ್ತಧರ ‘ಹೃದಯ’ರನ್ನು ರಾಣಾ ಸರಕಾರವು ಸ್ವಭಾಷೆಯಲ್ಲಿ ಬರೆದುದಕ್ಕಾಗಿ ಸೆರೆಮನೆಗೆ ಕಳುಹಿಸಿದಾಗ ಅವರು ಅಲ್ಲಿಯೇ ಬುದ್ಧನ ಚರಿತೆಯಾದ ‘ಸುಗತ ಸೌರಭ’ವನ್ನು ರಚಿಸಿದ್ದರು. 1965ರಲ್ಲಿ ರೇಡಿಯೋ ನೇಪಾಳದಿಂದ ನೇವಾರಿ ಮತ್ತು ಹಿಂದಿ ವಾರ್ತೆಗಳೂ ಕಣ್ಮರೆಯಾದವು.

ಎಲ್ಲರಿಗಿಂತ ಹೆಚ್ಚಿನ ಪೆಟ್ಟು ಬಿದ್ದುದು ತರಾಯಿಯ ಮಧೇಸಿ ಜನರಿಗೆ. ಅವರ ಭಾಷೆ ಬಿಹಾರ, ಉತ್ತರಪ್ರದೇಶಗಳ ಭಾಷೆ, ನಂಟಸ್ತಿಕೆ ಗಡಿಯಾಚೆಯವರೊಡನೆ. ತಲೆಮಾರುಗಳಿಂದ ಅಲ್ಲಿಯೇ ಉತ್ತು ಬಿತ್ತಿದವರನ್ನೂ ‘ನೀವು ಭಾರತದವರು’ ಎಂದು ಅನುಮಾನಿಸಲಾಯಿತು. ಲಕ್ಷಾಂತರ ಜನರಿಗೆ ಪೌರತ್ವದ ಪತ್ರವೇ ಇರಲಿಲ್ಲ. ಆ ಪತ್ರವಿಲ್ಲದೆ ಜಮೀನು ಕೊಳ್ಳುವಂತಿಲ್ಲ, ಸರಕಾರದ ಕೆಲಸವಿಲ್ಲ, ಮತವಿಲ್ಲ. 1990ರ ಸಂವಿಧಾನವು ದೇಶವನ್ನು ಬಹುಜನಾಂಗೀಯ, ಬಹುಭಾಷಿಕ ಎಂದು ಒಪ್ಪಿಕೊಂಡಿತು. 2006ರ ಜನಾಂದೋಲನದ ತರುವಾಯ, 2007ರಲ್ಲಿ, ಸುಮಾರು 26 ಲಕ್ಷ ಮಂದಿಗೆ ಪೌರತ್ವದ ಪತ್ರಗಳನ್ನು ಹಂಚಲಾಯಿತು. 2008ರಲ್ಲಿ ಅರಸೊತ್ತಿಗೆ ರದ್ದಾಗಿ ನೇಪಾಳ ಗಣರಾಜ್ಯವಾಯಿತು. ಆ ವರ್ಷದ ಕೊನೆಯಲ್ಲಿಯೇ ಇನ್ನೊಂದು ಪ್ರಸಂಗ ನಡೆಯಿತು. ಪಶುಪತಿನಾಥ ದೇವಾಲಯದ ಗರ್ಭಗುಡಿಯ ಪೂಜೆಗೆ ದಕ್ಷಿಣ ಭಾರತದ ಭಟ್ಟರನ್ನು ನೇಮಿಸುವುದು ಬಹುಕಾಲದ ಪದ್ಧತಿ. ಈಚಿನ ಕಾಲದಲ್ಲಿ ಆ ಸ್ಥಾನಕ್ಕೆ ಕರ್ನಾಟಕದವರೇ ಹೋಗಿದ್ದಾರೆ. ಹೊಸ ಸರಕಾರವು ನೇಪಾಳದವರನ್ನೇ ಅರ್ಚಕರನ್ನಾಗಿ ನೇಮಿಸಲು ಹೊರಟಾಗ ಕಾಠ್ಮಂಡುವಿನಲ್ಲಿ ದೊಡ್ಡ ವಿರೋಧವೆದ್ದಿತು, 2009ರ ಆರಂಭದಲ್ಲಿ ಆ ಆಜ್ಞೆ ಹಿಂದಕ್ಕೆ ಹೋಯಿತು. ದೇಶದ ಅತ್ಯಂತ ಪವಿತ್ರ ಸ್ಥಳದಲ್ಲಿ ಪೂಜಿಸುವವನು ದೇಶದವನೇ ಆಗಿರಬೇಕೆ ಎಂಬ ಪ್ರಶ್ನೆಗೆ ಅಲ್ಲಿಯ ಭಕ್ತರಲ್ಲಿ ಅನೇಕರು ಅಗತ್ಯವಿಲ್ಲವೆಂದೇ ಉತ್ತರಿಸಿದರು.

ತರಾಯಿಯ ಮಧೇಸಿಗಳು ನೇಪಾಳದಲ್ಲಿ ಕೇಳಿದ ಮಾತನ್ನೇ ಭಾರತದ ನೇಪಾಳಿ ಭಾಷಿಕರು ಇಲ್ಲಿ ಕೇಳಬೇಕಾಯಿತು. 1950ರ ಶಾಂತಿ ಮತ್ತು ಸ್ನೇಹ ಒಪ್ಪಂದದಂತೆ ಎರಡೂ ದೇಶಗಳ ಪ್ರಜೆಗಳು ಪರಸ್ಪರರ ನೆಲದಲ್ಲಿ ವಾಸಿಸಬಹುದು, ವ್ಯಾಪಾರ ಮಾಡಬಹುದು, ಓಡಾಡಬಹುದು. ಉದಾರವಾದ ಈ ವ್ಯವಸ್ಥೆಯಿಂದಲೇ ಒಂದು ತೊಡಕು ಹುಟ್ಟಿತು: ಮೊನ್ನೆ ಗಡಿ ದಾಟಿ ಬಂದವನನ್ನೂ ಐದು ತಲೆಮಾರುಗಳಿಂದ ಇಲ್ಲಿರುವವನನ್ನೂ ನೋಡುವವರು ಒಂದೇ ಎಂದು ಭಾವಿಸಿದರು. ನಮ್ಮ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಡಾರ್ಜಿಲಿಂಗಿನ ಅರಿ ಬಹದ್ದೂರ್ ಗುರುಂಗ್ ಸದಸ್ಯರಾಗಿದ್ದರು. ಆಜಾದ್ ಹಿಂದ್ ಫೌಜಿನ ಸೈನಿಕರು ಹಾಡಿದ ಗೀತೆಗಳಿಗೆ ರಾಗ ಹಾಕಿದವರು ಗೋರ್ಖಾ ಮನೆತನದ ರಾಮ್ ಸಿಂಗ್ ಠಾಕುರಿ. ಇಷ್ಟಾದರೂ ನೇಪಾಳಿಯನ್ನು ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿಸಬೇಕೆಂದು ಕೇಳಿದಾಗ, ಅದು ವಿದೇಶಿ ಭಾಷೆ ಎಂಬ ಉತ್ತರ 1970ರ ದಶಕದ ಕೊನೆಯಲ್ಲಿ ದೆಹಲಿಯಿಂದ ಬಂದಿತು. 1986ರ ವೇಳೆಗೆ ಮೇಘಾಲಯದಿಂದ ಸಾವಿರಾರು ನೇಪಾಳಿ ಭಾಷಿಕರನ್ನು ಹೊರಗಟ್ಟಲಾಯಿತು. ಅದೇ ವರ್ಷ ಡಾರ್ಜಿಲಿಂಗಿನಲ್ಲಿ ಸುಭಾಷ್ ಘೀಸಿಂಗರ ನಾಯಕತ್ವದಲ್ಲಿ ಪ್ರತ್ಯೇಕ ಗೋರ್ಖಾಲ್ಯಾಂಡ್ ರಾಜ್ಯಕ್ಕಾಗಿ ಚಳವಳಿ ಭುಗಿಲೆದ್ದು ನೂರಾರು ಜನರು ಸತ್ತರು. 1988ರಲ್ಲಿ ಅಲ್ಲಿಗೆ ಸ್ವಾಯತ್ತ ಮಂಡಲಿಯೊಂದು ದೊರೆಯಿತು. ತಮ್ಮನ್ನು ‘ನೇಪಾಳಿ’ ಎನ್ನಬೇಡಿ, ‘ಗೋರ್ಖಾ’ ಎನ್ನಿ ಎಂಬುದು ಆ ಚಳವಳಿಗಾರರ ಆಗ್ರಹವಾಗಿತ್ತು. ಅವರ ಅಜ್ಜಂದಿರು ಹೆಮ್ಮೆಯಿಂದ ಕಟ್ಟಿದ ಹೆಸರನ್ನು, ಅದು ಪರದೇಶದ ಹೆಸರಿನಂತೆ ಕೇಳಿಸುತ್ತದೆಂಬ ಕಾರಣದಿಂದ, ಮೊಮ್ಮಕ್ಕಳು ಬಿಡಬೇಕಾಗಿ ಬಂದಿತು. ಎಂಟನೆಯ ಅನುಸೂಚಿಗೆ ನೇಪಾಳಿ ಸೇರಿದುದು 1992ರಲ್ಲಿ. ನಮ್ಮ ಕರಾವಳಿಯ ಕೊಂಕಣಿಯೂ ಮಣಿಪುರಿಯೂ ಅದೇ ತಿದ್ದುಪಡಿಯಿಂದ ಅಲ್ಲಿ ಸ್ಥಾನ ಪಡೆದವು. 2011ರ ಜನಗಣತಿಯಂತೆ ಭಾರತದಲ್ಲಿ ನೇಪಾಳಿ ಮಾತೃಭಾಷಿಕರು ಸುಮಾರು 29 ಲಕ್ಷ.

ಭೂತಾನಿನಲ್ಲಿ ನಡೆದುದು ಇದಕ್ಕಿಂತಲೂ ದಾರುಣವಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಆ ದೇಶದ ದಕ್ಷಿಣದ ಕಾಡುಗಳನ್ನು ಕಡಿದು ಹೊಲಗದ್ದೆಗಳನ್ನು ಮಾಡಿದ ನೇಪಾಳಿ ಭಾಷಿಕರನ್ನು ಅಲ್ಲಿ ‘ಲ್ಹೋತ್ಸಾಂಪಾ’, ಅಂದರೆ ದಕ್ಷಿಣದವರು, ಎನ್ನುತ್ತಾರೆ. 1958ರಲ್ಲಿ ಅವರಿಗೆ ಪೌರತ್ವ ದೊರೆತಿತ್ತು. 1985ರ ಹೊಸ ಕಾನೂನು ಮತ್ತು 1988ರ ಗಣತಿ ಎಲ್ಲವನ್ನೂ ತಲೆಕೆಳಗು ಮಾಡಿದವು. ಮೂವತ್ತು ವರ್ಷ ಹಿಂದಿನ, 1958ನೆಯ ಇಸವಿಯದೇ ಆದ ಕಂದಾಯದ ರಸೀದಿಯನ್ನು ತೋರಿಸಬೇಕೆಂದು ಅಧಿಕಾರಿಗಳು ಕೇಳಿದರು. ಆ ರಸೀದಿಯಿಲ್ಲದವರು ಪರದೇಶದವರೆನಿಸಿದರು. 1989ರಲ್ಲಿ ಉತ್ತರದವರ ಉಡುಪು ಎಲ್ಲರಿಗೂ ಕಡ್ಡಾಯವಾಯಿತು. ಶಾಲೆಗಳಲ್ಲಿ ನೇಪಾಳಿಯ ಪಾಠ ನಿಂತಿತು. ಮರುವರ್ಷ ಪ್ರತಿಭಟನೆಗಳಾದವು, ಅವನ್ನು ಅಡಗಿಸಲಾಯಿತು. ಸುಮಾರು ಒಂದು ಲಕ್ಷ ಜನರು ದೇಶಭ್ರಷ್ಟರಾಗಿ ಭಾರತದ ಮೂಲಕ ಪೂರ್ವ ನೇಪಾಳದ ಝಾಪಾ, ಮೋರಂಗ್ ಜಿಲ್ಲೆಗಳಿಗೆ ಬಂದು ಬಿದಿರಿನ ಗುಡಿಸಲುಗಳ ಶಿಬಿರಗಳಲ್ಲಿ ನೆಲೆಸಿದರು.

ಇಲ್ಲಿ ಹೆಸರಿನ ಎರಡು ಅರ್ಥಗಳು ಎದುರುಬದುರಾಗಿ ನಿಂತವು. ನೀವು ನೇಪಾಳಿಗರು, ಹೊರಡಿ ಎಂದಿತು ಭೂತಾನ. ನೀವು ಭೂತಾನಿಗಳು, ನಿಮಗೆ ಇಲ್ಲಿ ಪೌರತ್ವವಿಲ್ಲ ಎಂದಿತು ನೇಪಾಳ. ಅವರಾಡುತ್ತಿದ್ದುದು ನೇಪಾಳದ ಭಾಷೆ, ಆಚರಿಸುತ್ತಿದ್ದುದು ನೇಪಾಳದ ದಸೈಂ ಮತ್ತು ತಿಹಾರ್ ಹಬ್ಬಗಳು. ಆದರೂ ಶಿಬಿರದ ಬೇಲಿಯಾಚೆ ಅವರು ಪರಕೀಯರು. ಎರಡು ದೇಶಗಳ ನಡುವೆ ಹಲವು ಸುತ್ತು ಮಾತುಕತೆಗಳಾದರೂ ಒಬ್ಬರೂ ಹಿಂತಿರುಗಲಾಗಲಿಲ್ಲ. 2007ರ ಕೊನೆಯಿಂದ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮೊದಲಾದ ಎಂಟು ದೇಶಗಳು ಅವರನ್ನು ಕರೆಸಿಕೊಳ್ಳತೊಡಗಿದವು. ಮುಂದಿನ ವರ್ಷಗಳಲ್ಲಿ ಒಟ್ಟು 1 ಲಕ್ಷ 13 ಸಾವಿರದಷ್ಟು ಮಂದಿ ಹೀಗೆ ಹೋದರು, ಬಹುಪಾಲಿನವರು ಅಮೆರಿಕಕ್ಕೆ. ಬೆಟ್ಟದ ಇಳಿಜಾರಿನಲ್ಲಿ ಏಲಕ್ಕಿ, ಕಿತ್ತಳೆ ಬೆಳೆದ ಮುದುಕರು ಒಹಾಯೊ, ಪೆನ್ಸಿಲ್ವೇನಿಯ ಸಂಸ್ಥಾನಗಳ ಊರುಗಳಲ್ಲಿ ಇಂಗ್ಲಿಷ್ ಅಕ್ಷರಗಳನ್ನು ತಿದ್ದಿದರು. ಅಲ್ಲಿಯೂ ಕಥೆ ಮುಗಿಯಲಿಲ್ಲ. 2025ರಲ್ಲಿ ಅಮೆರಿಕವು ಅವರಲ್ಲಿ ಕೆಲವರನ್ನು ಗಡೀಪಾರು ಮಾಡಿ ಭೂತಾನಕ್ಕೆ ಕಳುಹಿಸಿತು; ಭೂತಾನವು ಅವರನ್ನು ಇರಗೊಡಲಿಲ್ಲ; ಅವರು ಮತ್ತೆ ನೇಪಾಳದ ಆ ಹಳೆಯ ಶಿಬಿರಗಳಿಗೇ ಬಂದು ಸೇರಿದರು.

ನೇಪಾಳದೊಳಗಿನಿಂದ ಹೊರಹೋಗುವವರ ಪ್ರವಾಹ ಇಂದು ಹಿಂದೆಂದಿಗಿಂತಲೂ ದೊಡ್ಡದು. 2021ರ ಗಣತಿಯ ಕಾಲಕ್ಕೆ ಸುಮಾರು 22 ಲಕ್ಷ ಜನರು ದೇಶದ ಹೊರಗಿದ್ದರು. ಹೆಚ್ಚುಕಡಮೆ ನಾಲ್ಕು ಮನೆಗಳಿಗೆ ಒಂದರಲ್ಲಿ ಒಬ್ಬರಾದರೂ ಪರದೇಶದಲ್ಲಿದ್ದರು. ಕತಾರ್, ಸೌದಿ ಅರೇಬಿಯ, ಸಂಯುಕ್ತ ಅರಬ್ ಸಂಸ್ಥಾನ, ಮಲೇಷ್ಯಗಳಲ್ಲಿ ಅವರು ಕಟ್ಟಡ ಕಟ್ಟುತ್ತಾರೆ, ಕಾರಖಾನೆಗಳಲ್ಲಿ ದುಡಿಯುತ್ತಾರೆ, ಕಾವಲು ಕಾಯುತ್ತಾರೆ. ಬೆಂಗಳೂರಿನ ಹೋಟಲುಗಳ ಅಡುಗೆಮನೆಗಳಲ್ಲಿಯೂ ಅವರಿದ್ದಾರೆ. ಅವರು ಕಳುಹಿಸುವ ಹಣ ದೇಶದ ವಾರ್ಷಿಕ ಉತ್ಪನ್ನದ ಸುಮಾರು ಕಾಲುಭಾಗಕ್ಕೆ ಸಮವಾಗುತ್ತದೆ. ಬೆಟ್ಟದ ಹಳ್ಳಿಗಳಲ್ಲಿ ತಗಡಿನ ಮಾಡು, ಮಕ್ಕಳ ಶಾಲೆಯ ಶುಲ್ಕ, ಔಷಧ ಎಲ್ಲವೂ ಆ ಹಣದಿಂದ. ಅಂತೆಯೇ ಅಲ್ಲಿ ಗದ್ದೆಗಳು ಪಾಳುಬಿದ್ದಿವೆ. ಸತ್ತವರನ್ನು ಹೊತ್ತು ಶ್ಮಶಾನಕ್ಕೆ ಒಯ್ಯಲು ಹೆಗಲುಗಳು ಸಾಲದ ಊರುಗಳಿವೆ. ಕಾಠ್ಮಂಡುವಿನ ವಿಮಾನ ನಿಲ್ದಾಣದಲ್ಲಿ ಹೊರಡುವ ತರುಣರ ಸಾಲು ಒಂದು ಕಡೆ. ಇನ್ನೊಂದು ಕಡೆ ಪರದೇಶದಿಂದ ಮರಳಿದ ಶವಪೆಟ್ಟಿಗೆಗಳಿಗಾಗಿ ಕಾದು ನಿಂತ ಬಂಧುಗಳು. ‘ಮುನಾ ಮದನ’ವನ್ನು ನೇಪಾಳಿಗರು ಇಂದಿಗೂ ಕಣ್ಣೀರಿಡುತ್ತ ಓದುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

2015ರ ಸಂವಿಧಾನವು ಹೊರದೇಶಗಳ ಪೌರತ್ವ ಪಡೆದ ನೇಪಾಳ ಮೂಲದವರಿಗೆ ‘ಅನಿವಾಸಿ ನೇಪಾಳಿ’ ಪೌರತ್ವವನ್ನು ನೀಡಲು ಅವಕಾಶ ಕಲ್ಪಿಸಿದೆ. ಅದರಲ್ಲಿ ಮತದ ಹಕ್ಕಿಲ್ಲ. ಆಸ್ತಿ, ವ್ಯವಹಾರಗಳ ಹಕ್ಕುಂಟು. ಆದರೆ ದಕ್ಷಿಣ ಏಷ್ಯದ ಸಾರ್ಕ್ ದೇಶಗಳ ಪ್ರಜೆಗಳಿಗೆ ಅದು ಅನ್ವಯಿಸುವುದಿಲ್ಲ. ಲಂಡನ್ನಿನಲ್ಲಿಯೋ ಸಿಡ್ನಿಯಲ್ಲಿಯೋ ನೆಲೆಸಿದವರು ಅದನ್ನು ಪಡೆಯಬಹುದು. ಡಾರ್ಜಿಲಿಂಗ್, ಅಸ್ಸಾಂ, ಭೂತಾನಗಳವರು ಪಡೆಯುವಂತಿಲ್ಲ. ತೆರೆದ ಗಡಿಯುಳ್ಳ ಸಣ್ಣ ರಾಷ್ಟ್ರವೊಂದರ ಎಚ್ಚರಿಕೆ ಇದರ ಹಿಂದಿದೆ. ಡಾರ್ಜಿಲಿಂಗಿನವರಲ್ಲಿ ಹೆಚ್ಚಿನವರು ಅದನ್ನು ಬಯಸಿದವರೂ ಅಲ್ಲ, ಅವರು ಭಾರತದವರಾಗಿಯೇ ಇರಬಯಸುವವರು.

2007ರಲ್ಲಿ ನೇಪಾಳವು ಅರಸನ ಸ್ತುತಿಯಾಗಿದ್ದ ಹಳೆಯ ರಾಷ್ಟ್ರಗೀತೆಯನ್ನು ಕೈಬಿಟ್ಟು, ನಾನಾ ಜನರನ್ನು ಒಂದೇ ಮಾಲೆಯ ಹೂಗಳೆಂದು ಕಲ್ಪಿಸಿದ ಹೊಸ ಗೀತೆಯನ್ನು ಅಂಗೀಕರಿಸಿತು. ಅದನ್ನು ಬರೆದವರು ಪೂರ್ವದ ಬೆಟ್ಟಗಳ ರಾಯಿ ಜನಾಂಗದ ಕವಿ ಬ್ಯಾಕುಲ್ ಮೈಲಾ. ಅದಕ್ಕೆ ಸ್ವರ ಸಂಯೋಜಿಸಿದ ಅಂಬರ್ ಗುರುಂಗ್ 1938ರಲ್ಲಿ ಡಾರ್ಜಿಲಿಂಗಿನಲ್ಲಿ ಹುಟ್ಟಿದವರು. ಯೌವನದಲ್ಲಿ ಅವರು ಅಲ್ಲಿಯ ಕವಿ ಅಗಮ್ ಸಿಂಗ್ ಗಿರಿ ಬರೆದ, ನಾಡು ಬಿಟ್ಟು ಚದುರಿಹೋದ ನೇಪಾಳಿಗರ ದುಃಖದ ಹಾಡೊಂದನ್ನು ಹಾಡಿ ಬೆಟ್ಟನಾಡಿನಲ್ಲೆಲ್ಲ ಹೆಸರಾಗಿದ್ದರು. 1960ರ ದಶಕದ ಕೊನೆಯಲ್ಲಿ ಅವರು ಕಾಠ್ಮಂಡುವಿಗೆ ಹೋಗಿ ನೆಲೆಸಿದರು. 2016ರಲ್ಲಿ ಅಲ್ಲಿಯೇ ತೀರಿಕೊಂಡರು.